ಮುಂದೆ ಎರಡು ಚಕ್ರ, ಹಿಂದೆ ಒಂದು: ಸಸ್ಪೆನ್ಷನ್ ಯಾವುದು ಹಾಕಲಿ?

ಪ್ರಶ್ನೆ: ನನಗೆ ವೆಲ್ಡಿಂಗ್ ಕೆಲಸ ಬರುತ್ತದೆ. ಮನೆಯಲ್ಲೇ ಇಬ್ಬರು ಕೂರುವ ಎಲೆಕ್ಟ್ರಿಕ್ ತ್ರಿಚಕ್ರ ಗಾಡಿ ಕಟ್ಟುತ್ತಿದ್ದೇನೆ. ಮುಂದೆ ಎರಡು ಚಕ್ರ, ಹಿಂದಿನ ಒಂದು ಚಕ್ರಕ್ಕೆ 1.5 ಕಿಲೋವ್ಯಾಟ್ ಹಬ್ ಮೋಟಾರ್. ಗಂಟೆಗೆ 40 ಕಿ.ಮೀ. ಹೋದರೆ ಸಾಕು. ಎರಡು ಹಳೇ ಬೈಕ್ ಫೋರ್ಕ್ ಅಕ್ಕಪಕ್ಕ ಹಾಕಿ ಅಂತ ಒಬ್ಬರು, ಗುಜರಿಯಿಂದ ಮಾರುತಿ 800ರ ಮುಂಭಾಗ ತನ್ನಿ ಅಂತ ಇನ್ನೊಬ್ಬರು ಹೇಳುತ್ತಾರೆ. ನಾನೇ ಡಬಲ್ ವಿಶ್‌ಬೋನ್ (ಮೇಲೊಂದು, ಕೆಳಗೊಂದು ಆರ್ಮ್ ಅಂದರೆ ತೋಳು ಚಕ್ರವನ್ನು ಹಿಡಿಯುವ ಜೋಡಣೆ) ಮಾಡಿಕೊಳ್ಳಲೇ?
– ಓದುಗರು, ಗದಗ

ಉತ್ತರ: ಬೈಕ್ ಫೋರ್ಕ್ ಬೇಡ. ಸುಲಭ ಅನಿಸುವುದು ಅದೇ, ಆದರೆ ಅಪಾಯ ಇರುವುದೂ ಅಲ್ಲೇ. ತಿರುವಿನಲ್ಲಿ ಬೈಕ್ ವಾಲುತ್ತದೆ. ಹಾಗಾಗಿ ಭಾರವೆಲ್ಲ ಫೋರ್ಕಿನ ಉದ್ದಕ್ಕೇ ಇಳಿಯುತ್ತದೆ, ಅಡ್ಡ ಒತ್ತಡ ಹೆಚ್ಚು ಬೀಳುವುದಿಲ್ಲ. ನಿಮ್ಮ ಗಾಡಿ ಹಾಗೆ ಒಳಕ್ಕೆ ವಾಲುವುದಿಲ್ಲ. ಇಬ್ಬರನ್ನು ಕೂರಿಸಿದಾಗ ಒಟ್ಟು 360 ಕೆಜಿ, ಅದರಲ್ಲಿ ಶೇ 65 ಮುಂದಿನ ಚಕ್ರಗಳ ಮೇಲೆ ಅಂತ ಇಟ್ಟುಕೊಳ್ಳಿ. ಸ್ವಲ್ಪ ಜೋರಾಗಿ ತಿರುಗಿಸಿದರೆ ಹೊರಬದಿಯ ಚಕ್ರದ ಬುಡಕ್ಕೆ ಹೆಚ್ಚುಕಮ್ಮಿ 95 ಕೆಜಿಯಷ್ಟು ಅಡ್ಡ ಒತ್ತಡ ಬರುತ್ತದೆ. ಅದು ಫೋರ್ಕಿನ ಪೂರ್ತಿ ಉದ್ದವನ್ನೇ ಸನ್ನೆಗೋಲು ಮಾಡಿಕೊಂಡು ಮೇಲಿನ ಕ್ಲಾಂಪನ್ನು ತಿರುಚುತ್ತದೆ. ಕೊಳವೆಗಳು ಒಂದರೊಳಗೊಂದು ಬಿಗಿಯುತ್ತವೆ. ಗುಂಡಿ ಬಂದಾಗ ಶಾಕ್ ಕೆಲಸವೇ ಮಾಡುವುದಿಲ್ಲ. ಬೈಕಿನ ಸ್ಪೋಕ್ ಚಕ್ರಗಳೂ ಈ ಅಡ್ಡ ಹೊರೆಗೆ ಮಾಡಿದವಲ್ಲ.

ಮಾರುತಿ 800 ಸಲಹೆ ಅರ್ಧ ಸರಿ. ಹಬ್, ಬ್ರೇಕ್, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಆಗಿರುವ ಕಂಬ) ಎಲ್ಲ ಒಟ್ಟಿಗೆ ಸಿಗುತ್ತವೆ, ಬಿಡಿಭಾಗಕ್ಕೂ ಪರದಾಡಬೇಕಿಲ್ಲ. ಆದರೆ ಅದು ಮುಂದಿನ ಚಕ್ರ ಎಳೆಯುವ ಕಾರು. ಅದರ ಹಬ್ ಬೇರಿಂಗ್‌ಗಳನ್ನು ಬಿಗಿಯಾಗಿ ಹಿಡಿದಿಡುವುದು ಡ್ರೈವ್ ಶಾಫ್ಟಿನ ತುದಿ ಮತ್ತು ಅದರ ದೊಡ್ಡ ನಟ್. ಮೋಟಾರ್ ಹಿಂದಿದೆಯಲ್ಲ ಅಂತ ಶಾಫ್ಟ್ ಪೂರ್ತಿ ಕಿತ್ತು ಗಾಡಿ ಓಡಿಸಿದರೆ ಬೇರಿಂಗ್ ಸಡಿಲವಾಗಿ ಹಾಳಾಗುತ್ತದೆ. ಶಾಫ್ಟಿನ ಹೊರ ಜಾಯಿಂಟಿನ ತುಂಡನ್ನು ಹಬ್‌ನಲ್ಲೇ ಉಳಿಸಿ, ನಟ್ ಬಿಗಿಯಬೇಕು. ಇನ್ನೊಂದು ವಿಷಯ: 800ರಲ್ಲಿ ಕೆಳಗಿನ ಆರ್ಮ್ ಹಿಂದೆ ಮುಂದೆ ಸರಿಯದಂತೆ ತಡೆಯುವುದು ಆಂಟಿ-ರೋಲ್ ಬಾರ್, ಅಂದರೆ ಎಡ, ಬಲ ಬದಿಗಳನ್ನು ಜೋಡಿಸಿ ವಾಲಾಟ ತಗ್ಗಿಸುವ ಕಂಬಿ. ಅದನ್ನು ಬಿಟ್ಟು ಬಂದರೆ ಬ್ರೇಕ್ ಹಾಕಿದಾಗ ಚಕ್ರವೇ ಹಿಂದಕ್ಕೆ ಎಳೆಯುತ್ತದೆ.

ನನ್ನ ಆಯ್ಕೆ ಓಮ್ನಿ. ಅದರಲ್ಲೂ ಮುಂದೆ ಸ್ಟ್ರಟ್, 12 ಇಂಚಿನ ಚಕ್ರ. ಎಂಜಿನ್ ಎಳೆಯುವುದು ಹಿಂದಿನ ಚಕ್ರಗಳನ್ನು, ಹಾಗಾಗಿ ಮುಂದಿನ ಹಬ್ ಸುಮ್ನೆ ಉರುಳುವ ಹಬ್. ನಿಮಗೆ ಬೇಕಾದದ್ದೂ ಅದೇ ಅಲ್ವಾ? ಒಂದೇ ಗಾಡಿಯಿಂದ ಎಡ, ಬಲ ಎರಡೂ ಬದಿ ತನ್ನಿ. ಕೆಳಗಿನ ಆರ್ಮ್, ಅದರ ರಾಡ್, ಬುಷ್ ಕೂರುವ ಬ್ರಾಕೆಟ್, ಸ್ಟೀರಿಂಗ್ ಭಾಗಗಳು ಎಲ್ಲವೂ ಜೊತೆಗಿರಲಿ. ಬಿಚ್ಚುವ ಮೊದಲೇ ಬುಷ್‌ನಿಂದ ಬುಷ್‌ಗೆ, ಸ್ಟ್ರಟ್ಟಿನ ಮೇಲ್ತುದಿಯಿಂದ ಬಾಲ್ ಜಾಯಿಂಟಿಗೆ ಅಳತೆ ತೆಗೆದು ಬರೆದಿಟ್ಟುಕೊಳ್ಳಿ. ಕಂಪನಿಯವರು ಲೆಕ್ಕ ಹಾಕಿ ಕೂರಿಸಿದ ಕೋನಗಳು ಆ ಅಳತೆಗಳಲ್ಲಿವೆ.

ಡಬಲ್ ವಿಶ್‌ಬೋನ್ ಒಳ್ಳೆಯದೇ. ಆದರೆ ಮೊದಲ ಗಾಡಿಗೆ ಬೇಡ ಅನ್ನುತ್ತೇನೆ. ಒಂದೊಂದು ಬದಿಗೆ ನಾಲ್ಕು ಬುಷ್, ಎರಡು ಬಾಲ್ ಜಾಯಿಂಟ್. ವೆಲ್ಡಿಂಗ್ ಬಿಸಿಗೆ ಒಂದು ಬ್ರಾಕೆಟ್ ಮೂರು ಮಿ.ಮೀ. ಎಳೆದುಕೊಂಡರೂ ಎಡ, ಬಲ ಬೇರೆ ಬೇರೆ ಆಗುತ್ತದೆ. ಬಾನೆಟ್ ತೀರಾ ತಗ್ಗಾಗಿರಬೇಕು ಅಂದರೆ ಮಾತ್ರ ಆ ದಾರಿ ಹಿಡಿಯಿರಿ. ಸ್ಟ್ರಟ್ಟಿಗೆ ಎತ್ತರದ ಗೋಪುರ ಬೇಕೇ ಬೇಕು. ಆ ಗೋಪುರದ ತಲೆಗೆ ತ್ರಿಕೋನದ ಆಸರೆ ಕೊಡಿ, ಎಡದ ತಲೆಗೂ ಬಲದ ತಲೆಗೂ ನಡುವೆ ಒಂದು ಅಡ್ಡ ಪೈಪ್ ಹಾಕಿ.

ಈಗ ಸ್ಪ್ರಿಂಗ್. ಹೆಚ್ಚಿನವರು ಸೋಲುವುದು ಇಲ್ಲಿ. ಓಮ್ನಿಯ ಸ್ಪ್ರಿಂಗ್ ನಿಮ್ಮದಕ್ಕಿಂತ ಎರಡು ಪಟ್ಟು ಭಾರದ ವ್ಯಾನಿಗೆ ಮಾಡಿದ್ದು. ನಿಮ್ಮ ಗಾಡಿಯಲ್ಲಿ ಅದು ಕುಗ್ಗುವುದೇ ಇಲ್ಲ, ಮೈಯೆಲ್ಲ ನೋವು ಬರುತ್ತದೆ. ಒಂದೆರಡು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಗಾಡಿ ತಗ್ಗುತ್ತದೆ ಅಷ್ಟೇ.

ಹೊಸದಾಗಿ ಸುತ್ತಿಸಿಕೊಳ್ಳಿ. ಲೆಕ್ಕ ಹೀಗೆ: ಚಕ್ರ, ಹಬ್‌ಗಳ ತೂಕ ಕಳೆದರೆ ಒಂದೊಂದು ಸ್ಪ್ರಿಂಗ್ ಮೇಲೆ ಸುಮಾರು 100 ಕೆಜಿ ಕೂರುತ್ತದೆ. ಪೂರ್ತಿ ಹೊರೆಯಲ್ಲಿ ಸ್ಪ್ರಿಂಗ್ 10 ಸೆಂ.ಮೀ. ಕುಗ್ಗಲಿ. ಅಂದರೆ ಪ್ರತಿ ಸೆಂಟಿಮೀಟರಿಗೆ 10 ಕೆಜಿ. ಆಗ ಗಾಡಿ ಸೆಕೆಂಡಿಗೆ ಒಂದೂವರೆ ಸಲಕ್ಕಿಂತ ತುಸು ಜಾಸ್ತಿ ಮೇಲೆ ಕೆಳಗೆ ತೂಗುತ್ತದೆ, ನಮ್ಮ ಹಂಪು, ಗುಂಡಿಗಳಿಗೆ ಹಿತವಾದ ವೇಗ. 10 ಮಿ.ಮೀ. ದಪ್ಪದ ಸ್ಪ್ರಿಂಗ್ ಸ್ಟೀಲ್ ತಂತಿ, ತಂತಿಯ ನಡುವಿನಿಂದ ನಡುವಿಗೆ 100 ಮಿ.ಮೀ. ವ್ಯಾಸ, ಕೆಲಸ ಮಾಡುವ ಸುತ್ತು 10 ಅಂತ ಕೊಟ್ಟರೆ ಹತ್ತಿರ ಹತ್ತಿರ ಇದೇ ಗಟ್ಟಿತನ ಸಿಗುತ್ತದೆ. ವ್ಯಾಸ ಮಾತ್ರ ನಿಮ್ಮ ಸ್ಟ್ರಟ್ಟಿನ ತಟ್ಟೆಗೆ ಹೊಂದಬೇಕು. ಅದು ಬದಲಾದರೆ ಸುತ್ತೂ ಬದಲಾಗುತ್ತದೆ. ಮನೆಗೆ ತಂದ ಮೇಲೆ ತೂಕದ ಯಂತ್ರದ ಮೇಲಿಟ್ಟು ಜ್ಯಾಕಿನಿಂದ ಒತ್ತಿ, ಪ್ರತಿ ಸೆಂಟಿಮೀಟರಿಗೂ ಎಷ್ಟು ಕೆಜಿ ತೋರಿಸುತ್ತದೆ ನೋಡಿ. ಸ್ಪ್ರಿಂಗ್ ಚಿಮ್ಮಬಹುದು, ಒಳಗೊಂದು ಪೈಪ್ ನಿಲ್ಲಿಸಿಯೇ ಒತ್ತಿ.

ಮುಂದೆ ಯಾವತ್ತಾದರೂ ಆರ್ಮ್ ಮೇಲೆ ಬೈಕಿನ ಶಾಕ್ ಕೂರಿಸಿದರೆ ಈ ಲೆಕ್ಕ ನಡೆಯುವುದಿಲ್ಲ. ಚಕ್ರ 10 ಸೆಂ.ಮೀ. ಏಳುವಾಗ ಶಾಕ್ 7 ಸೆಂ.ಮೀ. ಮಾತ್ರ ಕುಗ್ಗಿದರೆ, ಸ್ಪ್ರಿಂಗ್ ಎರಡು ಪಟ್ಟು ಗಟ್ಟಿ ಇರಬೇಕಾಗುತ್ತದೆ.

ಮಗುಚುವ ಭಯದ ಬಗ್ಗೆಯೂ ಹೇಳಬೇಕು. ಹಿಂದೆ ಒಂದೇ ಚಕ್ರ ಇರುವುದರಿಂದ ಅದು ಗಾಡಿಯ ವಾಲಾಟವನ್ನು ತಡೆಯುವುದಿಲ್ಲ. ಆ ಕೆಲಸವೆಲ್ಲ ಮುಂದಿನ ಸಸ್ಪೆನ್ಷನ್ನಿನದು. ಆದ್ದರಿಂದ ಆಂಟಿ-ರೋಲ್ ಬಾರ್ ಧೈರ್ಯವಾಗಿ ಹಾಕಿ. ಕಾರಿನಲ್ಲಾದರೆ ಮುಂದಿನ ಬಾರ್ ಗಟ್ಟಿ ಮಾಡಿದಾಗ ಹಿಡಿತದ ಹಂಚಿಕೆ ಬದಲಾಗುತ್ತದೆ, ನಿಮ್ಮಲ್ಲಿ ಆ ಚಿಂತೆ ಕಡಿಮೆ. ಆದರೆ ಬಾರ್ ವಾಲಾಟ ತಡೆಯುತ್ತದೆಯೇ ಹೊರತು ಪಲ್ಟಿಯನ್ನಲ್ಲ. ಪಲ್ಟಿ ನಿರ್ಧಾರವಾಗುವುದು ಚಕ್ರಗಳ ನಡುವಿನ ಅಗಲ, ತೂಕ ಎಷ್ಟು ಮುಂದಿದೆ, ಎಷ್ಟು ತಗ್ಗಿದೆ ಅನ್ನುವುದರ ಮೇಲೆ. ಅಗಲ 1.2 ಮೀಟರ್, ಮೇಲೆ ಹೇಳಿದಂತೆ ಶೇ 65 ತೂಕ ಮುಂದೆ, ತೂಕದ ಕೇಂದ್ರ ನೆಲದಿಂದ 50 ಸೆಂ.ಮೀ. ಇದ್ದರೆ, ಗುರುತ್ವದ ಸುಮಾರು 0.78 ಪಟ್ಟು ಅಡ್ಡ ಬಲ ಬರುವವರೆಗೂ ಗಾಡಿ ನಿಲ್ಲುತ್ತದೆ. ಅಷ್ಟರಲ್ಲಿ ಸಾಧಾರಣ ಟೈರ್ ಜಾರಲು ಶುರುವಾಗಿರುತ್ತದೆ. ಅದೇ ಕೇಂದ್ರ 60 ಸೆಂ.ಮೀ.ಗೆ ಏರಿದರೆ 0.65ಕ್ಕೆ ಇಳಿಯುತ್ತದೆ, ಆಗ ಜಾರುವ ಮೊದಲೇ ಮಗುಚಬಹುದು. ಬ್ಯಾಟರಿ ಸೀಟಿನ ಹಿಂದೆ ಮೇಲೆ ಬೇಡ. ನೆಲದಲ್ಲಿ, ಕಾಲಿನ ಬಳಿ ಇಡಿ.

ಕೊನೆಗೆ ಟೈ ರಾಡ್, ಅಂದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕಂಬಿ. ಗುಂಡಿ ಹಾರುವಾಗ ಸ್ಟೀರಿಂಗ್ ತಾನಾಗಿ ಎಳೆದರೆ ತಪ್ಪು ಇಲ್ಲೇ ಇರುತ್ತದೆ. ಸ್ಪ್ರಿಂಗ್ ತೆಗೆದು, ಸ್ಟೀರಿಂಗ್ ನೇರಕ್ಕೆ ಬಿಗಿದು, ಹಬ್‌ಗೆ ಒಂದು ಲೇಸರ್ ಪಾಯಿಂಟರ್ ಕಟ್ಟಿ ಎದುರಿನ ಗೋಡೆಗೆ ಬೆಳಕು ಬಿಡಿ. ಜ್ಯಾಕಿನಿಂದ ಚಕ್ರವನ್ನು ಮೇಲೆ ಕೆಳಗೆ ಆಡಿಸಿ. ಚುಕ್ಕೆ ಪಕ್ಕಕ್ಕೆ ಓಡಿದರೆ ಟೈ ರಾಡಿನ ಒಳತುದಿಯನ್ನು ಮೇಲೆ ಅಥವಾ ಕೆಳಗೆ ಸರಿಸಿ. ಚುಕ್ಕೆ ಹೆಚ್ಚುಕಮ್ಮಿ ನೇರವಾಗಿ ಏರಿ ಇಳಿಯುವವರೆಗೂ ಆ ಬ್ರಾಕೆಟ್ಟಿಗೆ ಪೂರ್ತಿ ವೆಲ್ಡಿಂಗ್ ಬೇಡ, ಟಾಕಾ ಸಾಕು.

1.5 ಕಿಲೋವ್ಯಾಟ್ ಗಾಡಿ ನೋಂದಣಿ ವಿನಾಯಿತಿಗೆ ಬರುವುದಿಲ್ಲ. ಅದಕ್ಕೆ ಮೋಟಾರ್ 250 ವ್ಯಾಟಿಗಿಂತ, ವೇಗ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ನೋಂದಣಿ ಇಲ್ಲದೆ ರಸ್ತೆಗೆ ಇಳಿಸಬೇಡಿ, ತೋಟದ ಒಳಗೇ ಓಡಿಸಿ.

ಪ್ರಶ್ನೆ: ನನ್ನದು ಮುಂದೆ ಒಂದೇ ಚಕ್ರದ ಸಾಮಾನು ಗಾಡಿ. ಬೈಕ್ ಫೋರ್ಕ್ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಇ-ರಿಕ್ಷಾಗಳಲ್ಲಿ ಹಾಕುತ್ತಾರೆ, ನಿಧಾನದ ಓಟಕ್ಕೆ ನಡೆಯುತ್ತದೆ. ನಾನು ಆಟೋದ ಮುಂದಿನ ಜೋಡಣೆಯನ್ನೇ ಹಾಕಿ ಅನ್ನುತ್ತೇನೆ. ಚಿಕ್ಕ ಆರ್ಮ್, ಪಕ್ಕದಲ್ಲಿ ಶಾಕ್, 4.00-8 ಟೈರ್. ವಾಲದೆ ತಿರುಗುವ ಗಾಡಿಗೆಂದೇ ಮಾಡಿದ್ದು, ಬುಷ್ ಸವೆದರೆ ಯಾವ ಊರಲ್ಲೂ ಸಿಗುತ್ತದೆ. ಇಂಥದೇ ಕೆಲಸಕ್ಕೆ ಆರ್ಮ್ ಬಳಸಿದ ಹಳೇ ಉದಾಹರಣೆ ಬಿಎಂಡಬ್ಲ್ಯು. 1955ರಿಂದ 1969ರವರೆಗೆ ತನ್ನ ಬೈಕುಗಳಿಗೆ ಅದು ಅರ್ಲ್ಸ್ ಫೋರ್ಕ್ ಹಾಕುತ್ತಿತ್ತು. ಅದರಲ್ಲಿ ಚಕ್ರ ಹಿಡಿಯುವುದು ಉದ್ದನೆಯ ಆರ್ಮ್. ಪಕ್ಕಕ್ಕೆ ಸೈಡ್‌ಕಾರ್ ಕಟ್ಟಿದರೂ ಅದು ತಿರುಚುತ್ತಿರಲಿಲ್ಲ. ನಿಮ್ಮ ಗಾಡಿಯಲ್ಲಿ ವಾಲಾಟ ತಡೆಯುವ ಕೆಲಸ ಪೂರ್ತಿ ಹಿಂದಿನ ಎರಡು ಚಕ್ರಗಳದ್ದು. ಹಾಗಾಗಿ ಸಾಮಾನನ್ನು ಹಿಂದಿನ ಆಕ್ಸಲ್ ಹತ್ತಿರ, ತಗ್ಗಿನಲ್ಲಿ ಹೇರಿ. ತಿರುವಿನ ಮಧ್ಯೆ ಬ್ರೇಕ್ ಒತ್ತಬೇಡಿ. ತೂಕ ಮುಂದಿನ ಒಂಟಿ ಚಕ್ರದ ಕಡೆ ಓಡುವುದು ಆಗಲೇ. ವೇಗ ಇಳಿಸುವುದೆಲ್ಲ ತಿರುವಿಗೆ ಮೊದಲೇ ಮುಗಿದಿರಲಿ.