ಹೃದಯಕ್ಕೆ ರಕ್ತ ಕಡಿಮೆಯಾಗುವುದು ಬೆಳಿಗ್ಗೆಯೇ ಜಾಸ್ತಿ ಯಾಕೆ?

ಹಾರ್ಟ್ ಅಟ್ಯಾಕ್ ಬೆಳಿಗ್ಗೆ ಹೊತ್ತೇ ಜಾಸ್ತಿ ಅನ್ನುವುದು ನಿಜವಾ ಅಂತ ಕೇಳಿದ್ದೀರಿ. ನಿಜ. ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರೊಳಗೆ ಹೆಚ್ಚು ಅಂತ 1985ರಲ್ಲೇ ಅಮೆರಿಕದ ವೈದ್ಯರು ತೋರಿಸಿದ್ದರು. ನಾವು ಏಳುವ ಹೊತ್ತಿಗೆ ದೇಹದ ಒಳಗಡಿಯಾರ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಏರಿಸಿರುತ್ತದೆ, ಎದ್ದು ನಿಂತ ಕೂಡಲೇ ಅಡ್ರಿನಲಿನ್, ಬಿಪಿ, ನಾಡಿಬಡಿತ ಎಲ್ಲಾ ಮೇಲೆ ಹೋಗುತ್ತವೆ, ಹೃದಯ ಜಾಸ್ತಿ ರಕ್ತ ಕೇಳುತ್ತದೆ, ಆದರೆ ಅದೇ ಹೊತ್ತಿಗೆ ರಕ್ತನಾಳ ಸ್ವಲ್ಪ ಬಿಗಿದಿರುತ್ತದೆ. ರಕ್ತವೂ ಬೇಗ ಹೆಪ್ಪುಗಟ್ಟುತ್ತದೆ. ನಾಳ ಮೊದಲೇ ಕಿರಿದಾಗಿದ್ದರೆ ಹೃದಯಕ್ಕೆ ರಕ್ತ ಕಡಿಮೆಯಾಗಲು ಇಷ್ಟು ಸಾಕು, ಅಲ್ವಾ? ಹೀಗೆ ರಕ್ತ ಕಡಿಮೆಯಾದಾಗ ಎಷ್ಟೋ ಸಲ ನೋವೇ ಇರುವುದಿಲ್ಲ, ಇಸಿಜಿಯಲ್ಲಿ ಮಾತ್ರ ಕಾಣುತ್ತದೆ. ನನಗೆ ಹೆಚ್ಚು ಭಯ ಇದರದ್ದೇ. ನಾಳ ಸೆಟೆದುಕೊಂಡು ಬರುವ ಎದೆನೋವು ಬೇರೆ, ಅದು ನಡುರಾತ್ರಿಯಿಂದ ನಸುಕಿನೊಳಗೆ ಹೆಚ್ಚು. ಹಾಗಂತ ಸಂಜೆ ಎದೆ ನೋಯುತ್ತಿದ್ದರೆ ಗ್ಯಾಸ್ ಅಂದುಕೊಂಡು ಸುಮ್ನೆ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.