ಓದುಗರ ಪ್ರಶ್ನೆ: ಕೆಂಪು ಮಸಿಯ ಷರತ್ತು

ಪ್ರಶ್ನೆ: ಅಮೆರಿಕದ ಪ್ರಗತಿಪರ ಯುಗದಲ್ಲಿ (ಸುಮಾರು 1890ರ ದಶಕದಿಂದ 1920ರವರೆಗಿನ ಸುಧಾರಣೆಗಳ ಕಾಲದಲ್ಲಿ) ಪತ್ರಿಕೋದ್ಯಮವೇ ಬದಲಾಯಿತೆಂದು ತರಗತಿಯಲ್ಲಿ ಹೇಳುತ್ತಾರೆ. ಆದರೆ ಉದಾಹರಣೆಗೆ ಬರುವುದೆಲ್ಲ ಮಾಸಪತ್ರಿಕೆ, ವಾರಪತ್ರಿಕೆಗಳ ಹೆಸರೇ. ದಿನಪತ್ರಿಕೆಗಳಲ್ಲಿ ಬದಲಾದದ್ದೇನು?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಗದಗ

ಉತ್ತರ: ನಿಮ್ಮ ಸಂದೇಹ ಸರಿಯಾಗಿದೆ. ಬದಲಾವಣೆಗೆ ಮೊದಲು ದಾರಿ ತೋರಿದವು ನಿಯತಕಾಲಿಕೆಗಳೇ. ಪತ್ರಕರ್ತೆ ಐಡಾ ಟಾರ್ಬೆಲ್ ಅವರು ತೈಲ ವ್ಯಾಪಾರದಲ್ಲಿ ಏಕಸ್ವಾಮ್ಯ ಸಾಧಿಸಿದ್ದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಚರಿತ್ರೆಯನ್ನು 1902ರಿಂದ 1904ರವರೆಗೆ 'ಮೆಕ್‌ಕ್ಲೂರ್ಸ್' ಮಾಸಪತ್ರಿಕೆಯಲ್ಲಿ ಕಂತುಗಳಾಗಿ ಬರೆದರು. ನ್ಯಾಯಾಲಯದ ಸಾಕ್ಷ್ಯಗಳನ್ನೂ ಸರ್ಕಾರಿ ತನಿಖೆಗಳ ಕಡತಗಳನ್ನೂ ಓದಿ ಬರೆಯಲು ಅವರಿಗೆ ಸಂಬಳದ ಜೊತೆಗೆ ವರ್ಷಗಟ್ಟಲೆ ಕಾಲಾವಕಾಶವೂ ದೊರಕಿತ್ತು. ನನ್ನ ದೃಷ್ಟಿಯಲ್ಲಿ ಆ ಯುಗದ ನಿಜವಾದ ಹೊಸತನ ಈ ಕಾಲಾವಕಾಶವೇ. ಖಾರವಾದ ಮಾತು ಪತ್ರಿಕೆಗಳಲ್ಲಿ ಮೊದಲೂ ಇತ್ತು. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು ಒಡೆಯುವ ಆದೇಶವನ್ನು ಎತ್ತಿಹಿಡಿಯಿತು.

ದಿನಪತ್ರಿಕೆಗಳು ಹಿಂದೆ ಬಿದ್ದದ್ದೇಕೆ ಎಂಬುದಕ್ಕೆ ಒಂದು ಕರಾರುಪತ್ರವನ್ನು ನೋಡಿದರೆ ಸಾಕು. ಆಗ ಅನೇಕ ಪತ್ರಿಕೆಗಳಿಗೆ ಪೇಟೆಂಟ್ ಔಷಧಗಳ, ಅಂದರೆ ಒಳಗೇನಿದೆಯೆಂದು ಹೇಳದೆ ನೇರವಾಗಿ ಜನರಿಗೆ ಮಾರುತ್ತಿದ್ದ ಸಿದ್ಧ ಔಷಧಗಳ, ಜಾಹೀರಾತೇ ದೊಡ್ಡ ಆದಾಯವಾಗಿತ್ತು. ಆ ತಯಾರಕರು ಪತ್ರಿಕೆಗಳೊಂದಿಗೆ ಮಾಡಿಕೊಳ್ಳುತ್ತಿದ್ದ ಕರಾರಿನಲ್ಲಿ, ರಾಜ್ಯದಲ್ಲಿ ತಮ್ಮ ಔಷಧದ ವಿರುದ್ಧ ಕಾಯ್ದೆ ಬಂದರೆ ಜಾಹೀರಾತು ನಿಲ್ಲುತ್ತದೆ ಎಂಬ ಷರತ್ತನ್ನು ಕೆಂಪು ಮಸಿಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಹೀಗಾಗಿ ಕಾಯ್ದೆಯನ್ನು ತಡೆಯುವುದು ಸಂಪಾದಕನ ಹೊಟ್ಟೆಪಾಡಿನ ಪ್ರಶ್ನೆಯೇ ಆಗಿಬಿಡುತ್ತಿತ್ತು. 1905ರಲ್ಲಿ 'ಕೋಲಿಯರ್ಸ್' ವಾರಪತ್ರಿಕೆ ಈ ಕರಾರನ್ನು ಬಯಲಿಗೆಳೆಯಿತು. ಅದೇ ಪತ್ರಿಕೆಯಲ್ಲಿ ಪತ್ರಕರ್ತ ಸ್ಯಾಮ್ಯುಯೆಲ್ ಹಾಪ್‌ಕಿನ್ಸ್ ಆಡಮ್ಸ್ ಅವರು, ಮನೆಮನೆಯಲ್ಲಿ ಟಾನಿಕ್ಕೆಂದು ಕುಡಿಯುತ್ತಿದ್ದ 'ಪೆರುನಾ'ದಲ್ಲಿ ಶೇ 28ರಷ್ಟು ಮದ್ಯಸಾರವಿದೆ ಎಂದು ಬರೆದರು. ಮರುವರ್ಷವೇ ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಬಂತು.

ಇದೇ ಅವಧಿಯಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಧಾರವಾಡ ಭಾಗದ ಸ್ಥಿತಿ ಬೇರೆಯೇ ಆಗಿತ್ತೆಂಬುದನ್ನು ಮರೆಯಬಾರದು. ಇಲ್ಲಿ 1910ರ ಮುದ್ರಣ ಕಾಯ್ದೆಯ ಪ್ರಕಾರ ಸರ್ಕಾರವು ಪತ್ರಿಕೆಗಳಿಂದ ಠೇವಣಿ ಕೇಳಬಹುದಾಗಿತ್ತು, ಮುಟ್ಟುಗೋಲು ಹಾಕಿಕೊಳ್ಳಲೂಬಹುದಾಗಿತ್ತು. ಅಲ್ಲಿ ಪತ್ರಿಕೆಯ ಕೈ ಕಟ್ಟಿದ್ದು ಜಾಹೀರಾತುದಾರ, ಇಲ್ಲಿ ಕಲೆಕ್ಟರ ಕಚೇರಿ.

ಇನ್ನು ಅಮೆರಿಕದ ದಿನಪತ್ರಿಕೆಗಳಲ್ಲಿ ಬದಲಾದದ್ದು. 1908ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿಯೂ 1912ರಲ್ಲಿ ಕೊಲಂಬಿಯಾದಲ್ಲಿಯೂ ಪತ್ರಿಕೋದ್ಯಮ ಶಾಲೆಗಳು ಆರಂಭವಾದವು. ಅವುಗಳಿಗಿಂತ ಮುಖ್ಯವೆಂದು ನಾನು ಎಣಿಸುವುದು 1912ರ ಕಾನೂನು. ಅಂಚೆಯ ರಿಯಾಯಿತಿ ದರ ಪಡೆಯುವ ಪತ್ರಿಕೆಗಳು ತಮ್ಮ ಮಾಲೀಕರು ಯಾರೆಂಬುದನ್ನು ಪ್ರಮಾಣ ಮಾಡಿ ತಿಳಿಸಬೇಕೆಂದೂ, ದಿನಪತ್ರಿಕೆಗಳು ಪ್ರಸಾರ ಸಂಖ್ಯೆಯನ್ನೂ ಒಪ್ಪಿಸಬೇಕೆಂದೂ ಅದು ವಿಧಿಸಿತು. ಹಣ ಪಡೆದು ಅಚ್ಚು ಹಾಕಿದ ಬರಹದ ಮೇಲೆ 'ಜಾಹೀರಾತು' ಎಂಬ ಪದ ಇರಲೇಬೇಕಾಯಿತು.