ಹೆಗಲಿಗೆ ಚೀಲ, ಮುಂದೆ 300 ಕಿಲೋಮೀಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು 46 ವರ್ಷದ ಗೃಹಿಣಿ. ಬರುವ ಮಹಾಶಿವರಾತ್ರಿಗೆ ಅಣ್ಣ, ಅತ್ತಿಗೆ, ಅವರ ಮಗ ಮತ್ತು ನಾನು ಧರ್ಮಸ್ಥಳಕ್ಕೆ ನಡೆದುಕೊಂಡು ಬರುತ್ತೇವೆಂದು ಹರಕೆ ಹೊತ್ತಿದ್ದೇವೆ. ದೊಡ್ಡ ತಂಡಗಳೊಂದಿಗೆ ಸಾಮಾನು ಸಾಗಿಸುವ ವಾಹನ ಇರುತ್ತದೆಯಂತೆ. ನಾವು ನಾಲ್ವರೇ ಆದುದರಿಂದ ನಮ್ಮ ಚೀಲವನ್ನು ನಾವೇ ಹೊರಬೇಕು. ದಿನಕ್ಕೆ 40 ಕಿಲೋಮೀಟರ್‌ನಂತೆ ನಡೆದು ಎಂಟು ದಿನಗಳಲ್ಲಿ ಮುಗಿಸೋಣ ಎಂಬುದು ಅಣ್ಣನ ಲೆಕ್ಕ. ನನಗಿರುವುದು ಬೆಳಗ್ಗೆ ಒಂದು ಗಂಟೆ ನಡೆಯುವ ಅಭ್ಯಾಸ ಮಾತ್ರ. ಇಂಥ ನಡಿಗೆಯಲ್ಲಿ ಒಂದು ದಿನ ಹೇಗೆ ಸಾಗುತ್ತದೆ ಎಂಬುದನ್ನು ತಿಳಿಸುವಿರಾ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಅಣ್ಣನವರ ಲೆಕ್ಕದಲ್ಲಿ ಚೀಲದ ಭಾರವೂ ಸೇರಿಲ್ಲ, ಮೂರನೆಯ ದಿನದ ಪಾದಗಳೂ ಸೇರಿಲ್ಲ. ಖಾಲಿ ಕೈಯಲ್ಲಿ ಗಂಟೆಗೆ 5 ಕಿಲೋಮೀಟರ್ ನಡೆಯುವವರು ಬೆನ್ನಿಗೆ ಚೀಲ ಏರಿದ ಮೇಲೆ ದಿನವಿಡೀ ಉಳಿಸಿಕೊಳ್ಳಬಲ್ಲ ವೇಗ 4 ಕಿಲೋಮೀಟರ್ ಮಾತ್ರ. ಆ ವೇಗದಲ್ಲಿ 40 ಕಿಲೋಮೀಟರ್ ಎಂದರೆ ಹತ್ತು ಗಂಟೆಗಳ ನಡಿಗೆ. ಊಟ, ಬಿಸಿಲಿನ ವಿರಾಮ, ಶೌಚ ಎಲ್ಲ ಸೇರಿದರೆ ಅದು ಹದಿನೈದು ಗಂಟೆಗಳ ದಿನವಾಗುತ್ತದೆ. ಫೆಬ್ರುವರಿಯಲ್ಲಿ ನಮ್ಮಲ್ಲಿ ಹಗಲು 12 ಗಂಟೆಯೂ ಇರುವುದಿಲ್ಲವಾದ್ದರಿಂದ ಉಳಿದ ಹೊತ್ತನ್ನು ಹೆದ್ದಾರಿಯ ಅಂಚಿನಲ್ಲಿ, ಕತ್ತಲಲ್ಲಿ, ದಣಿದ ಕಾಲುಗಳ ಮೇಲೆ ಕಳೆಯಬೇಕಾಗುತ್ತದೆ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಉಜಿರೆಯ ಹಾದಿ 300 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ಮೊದಲ ಸಲ ಹೊರಟಿರುವ ನಾಲ್ವರ ಕುಟುಂಬ ಇದಕ್ಕೆ ಹನ್ನೊಂದು ದಿನಗಳನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ದಿನ ನಿಮ್ಮ ಮನೆಯಿಂದ ನೆಲಮಂಗಲದವರೆಗೆ, ಸುಮಾರು 25 ಕಿಲೋಮೀಟರ್ ಸಾಕು. ಅನಂತರದ ದಿನಗಳಿಗೆ 30 ಇರಲಿ.

ಆ 30 ಕಿಲೋಮೀಟರ್‌ಗಳಲ್ಲಿ 20 ಬೆಳಿಗ್ಗೆ 11 ಗಂಟೆಯೊಳಗೆ ಮುಗಿದಿರಬೇಕು. ಇದೊಂದನ್ನು ಪಾಲಿಸಿದರೆ ಉಳಿದುದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ನಾಲ್ಕು ಗಂಟೆಗೆ ಎದ್ದು, ಬಿಸಿನೀರು ಸಿಕ್ಕರೆ ಒಂದು ಲೋಟ ಕುಡಿದು, ಐದಕ್ಕೆ ಹೊರಡಿ. ಶಿವರಾತ್ರಿ ಬರುವುದು ಕೃಷ್ಣಪಕ್ಷದ ಚತುರ್ದಶಿಯಂದು. ಹಾಗಾಗಿ ಅದಕ್ಕೆ ಹತ್ತು ಹನ್ನೊಂದು ದಿನ ಮೊದಲು ಹೊರಟವರಿಗೆ ಮುಂಜಾನೆ ಆಕಾಶದಲ್ಲಿ ಚಂದ್ರನಿರುತ್ತಾನೆ, ಸಂಜೆ ಇರುವುದಿಲ್ಲ. ಬೆಳದಿಂಗಳಿನಲ್ಲಿ ರಾಗಿಯ ಹೊಲಗಳ ನಡುವೆ, ಹುಣಸೆ ಮರಗಳ ಕೆಳಗೆ ನಡೆಯುವ ಆ ಮೊದಲ ಗಂಟೆಗಾಗಿಯೇ ನಾನು ಮತ್ತೆ ಮತ್ತೆ ಈ ಹಾದಿಯನ್ನು ಹಿಡಿದಿದ್ದೇನೆ. ಆದರೂ ಟಾರ್ಚ್ ಉರಿಯುತ್ತಿರಲಿ, ಚೀಲದ ಹಿಂಬದಿಗೆ ಹೊಳೆಯುವ ಪಟ್ಟಿಯನ್ನು ಹೊಲಿಸಿರಿ. ರಸ್ತೆಯ ಬಲಬದಿಯಲ್ಲಿ, ಎದುರಿಗೆ ಬರುವ ವಾಹನ ಕಣ್ಣಿಗೆ ಬೀಳುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ನಿಮ್ಮ ಅಣ್ಣನ ಮಗನಿಗೆ ಕಿವಿಯಲ್ಲಿ ಹಾಡು ಕೇಳುತ್ತ ನಡೆಯುವ ಅಭ್ಯಾಸವಿದ್ದರೆ ಅದನ್ನು ಮನೆಯಲ್ಲಿಯೇ ಬಿಟ್ಟು ಬರಲು ಹೇಳಿ.

ಮೊದಲ ಗಂಟೆ ಮುಗಿದೊಡನೆ, ದಣಿವು ಕಾಣದಿದ್ದರೂ, ಕುಳಿತು ಶೂ ಬಿಚ್ಚಿರಿ. ಪಾದಕ್ಕೆ ಗಾಳಿಯಾಡಲಿ. ಕಾಲುಚೀಲದ ಮಡಿಕೆಯೋ ಒಳಸೇರಿದ ಮರಳ ಕಣವೋ ಇದ್ದರೆ ಆಗಲೇ ಸಿಗುತ್ತದೆ. ನಾನು ಮೊದಲ ವರ್ಷ ಕುಣಿಗಲ್ ದಾಟುವಾಗ ಹಿಮ್ಮಡಿಯಲ್ಲಿ ಬಿಸಿಯಾದಂತೆ ಅನಿಸಿದ್ದನ್ನು ಗಮನಿಸಿಯೂ, ಜೊತೆಯವರನ್ನು ನಿಲ್ಲಿಸಲು ಸಂಕೋಚಪಟ್ಟು ಗಂಟೆಗಟ್ಟಲೆ ನಡೆದೆ. ಯಡಿಯೂರಿನ ಸಿದ್ಧಲಿಂಗೇಶ್ವರ ಸನ್ನಿಧಿಯ ಮೆಟ್ಟಿಲ ಮೇಲೆ ಕುಳಿತು ನೋಡಿದಾಗ ಚರ್ಮ ಸುಲಿದಿತ್ತು, ಮುಂದಿನ ಐದು ದಿನಗಳೂ ನೋವಿನಲ್ಲಿಯೇ ಕಳೆದವು. ನಿಮ್ಮಲ್ಲಿ ಯಾರು ‘ಸ್ವಲ್ಪ ನಿಲ್ಲಿ’ ಎಂದರೂ ಉಳಿದವರು ಕಾರಣ ಕೇಳದೆ ನಿಲ್ಲಬೇಕೆಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ. ವೇಗವೂ ಹಾಗೆಯೇ: ನಾಲ್ವರಲ್ಲಿ ನಿಧಾನವಾಗಿ ನಡೆಯುವವರು ಮುಂದಿರಲಿ.

ಎಂಟು ಗಂಟೆಯ ಸುಮಾರಿಗೆ ತಿಂಡಿ. ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನ ಯಾವುದಾದರೂ ಸರಿ, ಆದರೆ ಹೊಟ್ಟೆ ಬಿರಿಯುವಷ್ಟು ಬೇಡ. ಅಂಗಡಿಗಳಿಲ್ಲದ ಕಡೆಗಳಿಗಾಗಿ ಜೇಬಿನಲ್ಲಿ ತಂಬಿಟ್ಟು, ಕಡಲೆಕಾಯಿ ಚಿಕ್ಕಿ, ಹುರಿಗಡಲೆ-ಬೆಲ್ಲ ಇರಲಿ. ಗಂಟೆಗೊಮ್ಮೆ ಒಂದು ತುಣುಕು ಬಾಯಿಗೆ ಹೋದರೆ ಹನ್ನೊಂದು ಗಂಟೆಗೆ ಕಾಲು ಸೋಲುವುದಿಲ್ಲ. ನೀರನ್ನು ಗಂಟೆಗೆ ಅರ್ಧ ಲೀಟರ್‌ನಂತೆ, ಗುಟುಕು ಗುಟುಕಾಗಿ ಕುಡಿಯಿರಿ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಮೇಲಿಂದ ಮೇಲೆ ಕುಡಿಯುವುದು ಒಳ್ಳೆಯದಲ್ಲ. ದಾರಿಯುದ್ದಕ್ಕೂ ಭಕ್ತರು ಕೊಡುವ ಉಪ್ಪು ಹಾಕಿದ ಮಜ್ಜಿಗೆ ಇದಕ್ಕೆ ತಕ್ಕ ಪಾನೀಯ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಬಹುದು.

ಇಲ್ಲಿ ನಿಮಗೂ ನಿಮ್ಮ ಅತ್ತಿಗೆಗೂ ಒಂದು ಮಾತನ್ನು ಒತ್ತಿ ಹೇಳಬೇಕು. ಶೌಚಾಲಯ ಸಿಗುವುದಿಲ್ಲವೆಂಬ ಹೆದರಿಕೆಯಿಂದ ನೀರನ್ನೇ ಕುಡಿಯದೆ ನಡೆಯುವ ಹೆಣ್ಣುಮಕ್ಕಳನ್ನು ಈ ಹಾದಿಯಲ್ಲಿ ಬಹಳ ಮಂದಿಯನ್ನು ನೋಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ತಲೆಸಿಡಿತ, ಎರಡು ದಿನಗಳಲ್ಲಿ ಉರಿಮೂತ್ರ, ಕೊನೆಗೆ ಬಸ್ಸು ಹತ್ತಿ ಮನೆಗೆ ವಾಪಸು. ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪ, ದೇವಸ್ಥಾನ ಎಲ್ಲೆಲ್ಲಿವೆ ಎಂಬುದನ್ನು ಹಿಂದಿನ ರಾತ್ರಿಯೇ ಮೊಬೈಲಿನ ನಕಾಶೆಯಲ್ಲಿ ಗುರುತು ಮಾಡಿಟ್ಟುಕೊಂಡು, ಅವಕಾಶ ಸಿಕ್ಕಲ್ಲೆಲ್ಲ ಅಗತ್ಯವಿಲ್ಲದಿದ್ದರೂ ಹೋಗಿ ಬನ್ನಿ. ತೊಡೆಯ ಸಂದಿಯಲ್ಲಿ ಚರ್ಮ ಉಜ್ಜಿ ಉರಿಯುವುದೂ ಸಾಮಾನ್ಯ. ಬೆಳಿಗ್ಗೆ ಹೊರಡುವ ಮೊದಲು ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಹನ್ನೊಂದಕ್ಕೆ ನಡಿಗೆ ನಿಲ್ಲಲಿ. ಟಾರು ರಸ್ತೆ ಬಿಸಿಲನ್ನು ಹೀರಿಕೊಂಡು ಪಾದಕ್ಕೂ ಮುಖಕ್ಕೂ ಮರಳಿ ಕಾರುವ ಹೊತ್ತದು. ನೆರಳಿರುವ ಜಗಲಿಯಲ್ಲೋ ಛತ್ರದಲ್ಲೋ ಬಟ್ಟೆ ಒಗೆದು ಹರವಿ, ಊಟ ಮಾಡಿ, ಕಾಲುಗಳನ್ನು ಚೀಲದ ಮೇಲೆ ಎತ್ತಿಟ್ಟು ಎರಡು ಗಂಟೆಯಾದರೂ ಮಲಗಿ. ನಾಲ್ಕಕ್ಕೆ ಮತ್ತೆ ಹೊರಟರೆ ಆರೂಕಾಲರೊಳಗೆ ಉಳಿದ 9–10 ಕಿಲೋಮೀಟರ್ ಮುಗಿಯುತ್ತದೆ. ಸಂಜೆಯ ಈ ಭಾಗ ಬೆಳಗಿನಷ್ಟು ಹಗುರವಲ್ಲ, ಮಾತೂ ಕಡಿಮೆಯಾಗುತ್ತದೆ. ತಂಗುವ ಜಾಗ ಮೊದಲೇ ಗೊತ್ತಾಗಿದ್ದರೆ ಮನಸ್ಸಿಗೆ ಧೈರ್ಯವಿರುತ್ತದೆ. ರಾತ್ರಿ ಪಾದಗಳನ್ನು ತೊಳೆದು, ಬೆರಳ ಸಂದಿಗಳನ್ನು ಚೆನ್ನಾಗಿ ಒರೆಸಿ, ಒಣಗಿದ ಕಾಲುಚೀಲ ಹಾಕಿಕೊಂಡು, ಒಂಬತ್ತಕ್ಕೆ ಮಲಗಬೇಕು.

ಚೀಲದ ವಿಷಯ. ಊಟ ಸಿಗುವ ಹಾದಿಯಲ್ಲಿ, ಎರಡು ಲೀಟರ್ ನೀರೂ ಸೇರಿ, ನಿಮ್ಮ ಚೀಲ 7 ಕಿಲೋ ಮೀರಬಾರದು. ಆ ನೀರೇ 2 ಕಿಲೋ ಎಂಬುದು ನೆನಪಿರಲಿ. ಎರಡು ಜೊತೆ ಬಟ್ಟೆ, ಮೂರು ಜೊತೆ ಕಾಲುಚೀಲ, ಟವೆಲು, ಹೊದಿಕೆ, ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ, ಟಾರ್ಚ್, ಔಷಧಿ, ಪವರ್ ಬ್ಯಾಂಕ್. ಇದರಾಚೆಗೆ ತುಂಬುವ ಪ್ರತಿ ವಸ್ತುವನ್ನೂ ನಿಮ್ಮ ಮೊಣಕಾಲು ಹನ್ನೊಂದು ದಿನ ಹೊರಬೇಕಾಗುತ್ತದೆ. ಶಾಲೆಯ ಮಕ್ಕಳ ಚೀಲ ಬೇಡ. ಅಗಲವಾದ ಸೊಂಟಪಟ್ಟಿಯಿರುವ ಚೀಲವನ್ನೇ ಕೊಳ್ಳಿ ಅಥವಾ ಬಾಡಿಗೆಗೆ ತನ್ನಿ. ಮೊದಲು ಸೊಂಟಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಬಿಗಿದು, ಆಮೇಲೆ ಹೆಗಲಪಟ್ಟಿಯನ್ನು ಎಳೆದರೆ ಭಾರದ ಬಹುಪಾಲು ಸೊಂಟಕ್ಕೆ ಇಳಿದು ಹೆಗಲು ಹಗುರಾಗುತ್ತದೆ. ಭಾರದ ಸಾಮಾನು ಬೆನ್ನಿಗೆ ಅಂಟಿದಂತೆ, ಚೀಲದ ನಡುಭಾಗದಲ್ಲಿರಲಿ. ಬೆನ್ನಿನಿಂದ ದೂರವಿದ್ದರೆ ಅದು ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ದಿನಕ್ಕೆ ಮಾತ್ರ ಬೇರೆ ಸಿದ್ಧತೆ ಬೇಕು. ಇಳಿಜಾರು ಸುಲಭವೆಂದು ತಿಳಿಯುವುದು ತಪ್ಪು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುವುದರಿಂದ ಅವುಗಳಿಗೆ ಏರುವಾಗಿಗಿಂತ ಹೆಚ್ಚು ಪೆಟ್ಟು ಬೀಳುತ್ತದೆ, ಆ ನೋವು ಮರುದಿನ ಅಥವಾ ಅದರ ಮರುದಿನ ಜೋರಾಗುತ್ತದೆ. ಹಿಂದಿನ ರಾತ್ರಿ ಉಗುರು ಕತ್ತರಿಸಿಕೊಳ್ಳಿ, ಪಾದ ಮುಂದಕ್ಕೆ ಜಾರಿ ಬೆರಳು ಶೂಗೆ ಬಡಿಯದಂತೆ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿ, ಸಣ್ಣ ಹೆಜ್ಜೆಗಳನ್ನು ಇಡಿ. ಕೊಟ್ಟಿಗೆಹಾರದ ನೀರುದೋಸೆ ತಿಂದು, ಬೆಳಕು ಹರಿದ ಮೇಲೆಯೇ ಘಾಟಿಗೆ ಇಳಿಯಿರಿ. ಇಳಿದ ಮೇಲೆ ಗಾಳಿಯೇ ಬದಲಾಗಿರುತ್ತದೆ. ಕರಾವಳಿಯ ತೇವದಲ್ಲಿ ಬೆವರು ಆರದೆ ಮೈ ತಂಪಾಗದು. ಆದ್ದರಿಂದ ಹಾಸನದ ಬಯಲಿನಲ್ಲಿ ನಡೆದ ವೇಗವನ್ನು ಅಲ್ಲಿ ನಿರೀಕ್ಷಿಸಬೇಡಿ.

ಪ್ರಶ್ನೆ: ಎಷ್ಟೇ ಒಳ್ಳೆಯ ಶೂ ಹಾಕಿದರೂ 15 ಕಿಲೋಮೀಟರ್ ದಾಟಿದ ಮೇಲೆ ನನ್ನ ಪಾದಗಳಲ್ಲಿ ಬೊಬ್ಬೆ ಏಳುತ್ತವೆ. ಒಡೆಯಬೇಕೇ, ಬಿಡಬೇಕೇ?
– ಓದುಗರೊಬ್ಬರು, ಜಯನಗರ

ಉತ್ತರ: ಬೆವರಿನಿಂದ ನೆನೆದು ಮೆತ್ತಗಾದ ಚರ್ಮವನ್ನು ಶೂ ಒಂದು ಕಡೆಗೂ ಒಳಗಿನ ಮೂಳೆ ಇನ್ನೊಂದು ಕಡೆಗೂ ಎಳೆದಾಗ ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಆದ್ದರಿಂದ ತೇವ ಮತ್ತು ಉಜ್ಜುವಿಕೆ ಎರಡನ್ನೂ ಕಡಿಮೆ ಮಾಡಬೇಕು. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಉಣ್ಣೆಯ ಅಥವಾ ಸಿಂಥೆಟಿಕ್ ನೂಲಿನದನ್ನು ಬಳಸಿ, ಒಳಗೆ ತೆಳ್ಳಗಿನ ಇನ್ನೊಂದು ಜೊತೆ ಹಾಕಿದರೆ ಉಜ್ಜಾಟ ಅವೆರಡರ ನಡುವೆಯೇ ಮುಗಿಯುತ್ತದೆ. ದಿನವಿಡೀ ನಡೆದಾಗ ಪಾದ ಊದಿಕೊಳ್ಳುತ್ತದೆ. ಶೂವನ್ನು ಸಂಜೆಯ ಹೊತ್ತು, ಅರ್ಧ ಅಳತೆ ದೊಡ್ಡದಾಗಿ ಕೊಂಡು, ಹೊರಡುವ ಮೊದಲು ನೂರು ಕಿಲೋಮೀಟರ್‌ನಷ್ಟಾದರೂ ಅದರಲ್ಲಿ ನಡೆದಿರಿ. ಬಿಸಿಯಾದ ಜಾಗ ಕಂಡ ಕೂಡಲೇ ಬಟ್ಟೆಯ ಮೆಡಿಕಲ್ ಟೇಪನ್ನು ಮಡಿಕೆಯಿಲ್ಲದೆ ಅಂಟಿಸಿದರೆ ಬೊಬ್ಬೆಯೇ ಏಳದಿರಬಹುದು.

ಎದ್ದ ಬೊಬ್ಬೆ ಚಿಕ್ಕದಿದ್ದು ನೋವಿಲ್ಲದಿದ್ದರೆ ಹಾಗೆಯೇ ಬಿಡಿ, ಮೇಲಿನ ಚರ್ಮವೇ ಅದಕ್ಕೆ ರಕ್ಷಣೆ. ನಡೆಯಲಾಗದಷ್ಟು ದೊಡ್ಡದಾದರೆ ಸ್ಪಿರಿಟ್‌ನಲ್ಲಿ ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಗೆ ಬಿಟ್ಟು, ಚರ್ಮವನ್ನು ಕಿತ್ತುಹಾಕದೆ ಮುಲಾಮು ಹಚ್ಚಿ ಮುಚ್ಚಿರಿ. ಸಕ್ಕರೆ ಕಾಯಿಲೆ ಇರುವವರು ಇದನ್ನು ತಾವೇ ಮಾಡಿಕೊಳ್ಳಕೂಡದು. ಅವರ ಪಾದಕ್ಕೆ ನೋವು ತಿಳಿಯದೆ ಗಾಯ ಬೆಳೆಯುವ ಅಪಾಯವಿರುವುದರಿಂದ ವೈದ್ಯರಿಗೆ ತೋರಿಸಬೇಕು, ನಡಿಗೆಗೆ ಹೊರಡುವ ಮೊದಲೂ ಅವರನ್ನು ಕೇಳಿರಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿದ್ದುಕೊಂಡೇ ಇಂಥ ನಡಿಗೆಗೆ ತಯಾರಿ ನಡೆಸುವುದು ಹೇಗೆ? ನಾನು ಕಚೇರಿಯಲ್ಲಿ ದಿನವಿಡೀ ಕುಳಿತು ಕೆಲಸ ಮಾಡುವವನು.
– ಓದುಗರೊಬ್ಬರು, ಹೆಬ್ಬಾಳ

ಉತ್ತರ: ಎರಡು ತಿಂಗಳು ಕೊಡಿ. ವಾರದ ದಿನಗಳಲ್ಲಿ ಕಬ್ಬನ್ ಪಾರ್ಕಿನಲ್ಲೋ ಮನೆಯ ಸುತ್ತಲೋ ಒಂದು ಗಂಟೆ, ಭಾನುವಾರ ಒಂದು ಉದ್ದದ ನಡಿಗೆ. ಭಾನುವಾರದ ದೂರ 10 ಕಿಲೋಮೀಟರ್‌ನಿಂದ ಆರಂಭವಾಗಿ ಕೊನೆಗೆ 25ಕ್ಕೆ ಮುಟ್ಟಲಿ. ಮೆಟ್ರೊ ಮಾರ್ಗದ ಪಕ್ಕದ ರಸ್ತೆಗಳಲ್ಲಿ ನಡೆಯುವುದು ನನ್ನ ಹಳೆಯ ಉಪಾಯ. ಪಾದಚಾರಿ ಮಾರ್ಗ ಅಲ್ಲಲ್ಲಿ ಕಿತ್ತುಹೋಗಿದ್ದರೂ, ಸುಸ್ತಾದ ಕಡೆ ನಿಲ್ದಾಣ ಹತ್ತಿ ಮನೆಗೆ ಮರಳಬಹುದು. ಧೂಳು ಬೇಡವೆನ್ನುವವರು ಜ್ಞಾನಭಾರತಿ ಆವರಣದ ಮರಗಳ ನಡುವೆ ಸುತ್ತಬಹುದು. ಕೊನೆಯ ವಾರಗಳಲ್ಲಿ ಶನಿವಾರ, ಭಾನುವಾರ ಎರಡೂ ದಿನ ಒಂದರ ಹಿಂದೆ ಒಂದು 20 ಕಿಲೋಮೀಟರ್ ನಡೆಯಿರಿ, ಏಕೆಂದರೆ ದೂರದ ನಡಿಗೆಯ ಕಷ್ಟವೆಲ್ಲ ನಿನ್ನೆ ದಣಿದ ಕಾಲುಗಳನ್ನು ಇಂದು ಮತ್ತೆ ಎಬ್ಬಿಸುವುದರಲ್ಲಿದೆ. ಏರು ಹಾದಿಯ ಅಭ್ಯಾಸಕ್ಕೆ 1,478 ಮೀಟರ್ ಎತ್ತರದ ನಂದಿಬೆಟ್ಟದ ಮೆಟ್ಟಿಲುಗಳಿವೆ. ಚೀಲಕ್ಕೆ ಭಾರವಾಗಿ ನೀರಿನ ಬಾಟಲಿಗಳನ್ನೇ ತುಂಬಿಕೊಂಡು ಹತ್ತಿ, ಮೇಲೆ ಗಿಡದ ಬುಡಕ್ಕೆ ಸುರಿದು ಹಗುರಾಗಿ ಇಳಿದರೆ ಮೊಣಕಾಲು ಉಳಿಯುತ್ತದೆ.

ಪ್ರಶ್ನೆ: ಕುಕ್ಕೆ ಕಡೆಯಿಂದ ಕುಮಾರ ಪರ್ವತದ ತುದಿ ಸುಮಾರು 13 ಕಿಲೋಮೀಟರ್ ಎನ್ನುತ್ತಾರೆ. ಮೂರು ಗಂಟೆಯಲ್ಲಿ ಏರಬಹುದಲ್ಲವೇ?
– ವಿದ್ಯಾರ್ಥಿ, ಬಸವನಗುಡಿ

ಉತ್ತರ: ಸಾಧ್ಯವಿಲ್ಲವೆಂದೇ ತಿಳಿಯಿರಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬವರು 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: ಸುಮಾರು 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 1,712 ಮೀಟರ್ ಎತ್ತರದ ಆ ಶಿಖರಕ್ಕೆ ಕುಕ್ಕೆಯಿಂದ 1,500 ಮೀಟರ್‌ಗೂ ಹೆಚ್ಚು ಏರಬೇಕು. ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂವರೆ, ಒಟ್ಟು ಐದು. ಇದರಲ್ಲಿ ವಿರಾಮವಾಗಲಿ ಚೀಲದ ಭಾರವಾಗಲಿ ಸೇರಿಲ್ಲ, ದಾರಿಯ ನಡುವೆ ಸಿಗುವ ಗಿರಿಗದ್ದೆ ಎಂಬ ಜಾಗವನ್ನು ದಾಟಿದ ಮೇಲಿನ ಹುಲ್ಲುಗಾವಲಿನಲ್ಲಿ ಬಿಸಿಲನ್ನು ಮರೆಮಾಡುವ ನೆರಳೂ ಇಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಗಡವಾಗಿ ಪಡೆದು, ಬೆಳಕು ಹರಿಯುತ್ತಲೇ ಹತ್ತಲು ಆರಂಭಿಸಿ. ಕತ್ತಲಾಗುವ ಮೊದಲು ಕಾಡಿನ ಇಳಿಜಾರನ್ನು ದಾಟಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ, ಆ ಗಂಟೆ ಬಂದೊಡನೆ ತುದಿ ಕಣ್ಣೆದುರಿಗಿದ್ದರೂ ಹಿಂದಿರುಗಿ.